ಮೂಲೆ ಸೇರಿದ ಫಾಂಟು

ನಾಗವೇಣಿಯ ಫೋನಿಗೆ ಬಳ್ಳಿಯಂತೆ ಬಳುಕುವ ಅಕ್ಷರಗಳ ಹೊಸ ಫಾಂಟು ಬಂತು. ಬಂದದ್ದೇ, ಮೊದಲ ದಿನದಿಂದ ದುಡಿದಿದ್ದ ಹಳೆಯ ಫಾಂಟಿಗೆ, "ಅಜ್ಜಾ, ನಿಮ್ಮ ಕಾಲ ಮುಗಿಯಿತು, ಜಾಗ ಬಿಡಿ" ಎಂದಿತು.

"ಆಗಲಪ್ಪ. ನಿನಗೆ ಕನ್ನಡ ಬರುತ್ತದೆಯೇ?"

"ನನಗೆ ಇಂಗ್ಲಿಷ್ ಸಾಕು. ಕನ್ನಡದಲ್ಲಿ ಯಾರು ಬರೆಯುತ್ತಾರೆ?"

ಹಳೆಯದು ಮೂಲೆ ಸೇರಿತು. ನಾಗವೇಣಿ ಅದನ್ನು ಅಳಿಸದೆ ಉಳಿಸಿದ್ದಳು, ಅಷ್ಟೇ, ಆಮೇಲೆ ನೆನೆಯಲಿಲ್ಲ.

ಒಂದು ದಿನ ತಂಗಿಯ ಸಂದೇಶ ಬಂತು: "ಅಕ್ಕಾ, ಹೆರಿಗೆಯಾಯ್ತು. ಇಬ್ಬರೂ ಕ್ಷೇಮ."

ಹೊಸದು ತಡವರಿಸಿತು, ಕನ್ನಡ ಅಕ್ಷರಗಳ ಜಾಗದಲ್ಲಿ ಅದರ ಬಳಿ ಇದ್ದದ್ದು ಬರೀ ಖಾಲಿ ಚೌಕಗಳು. ಹಳೆಯದು ಮೂಲೆಯಿಂದಲೇ ಕೈಚಾಚಿ ಒಂದೊಂದೇ ಅಕ್ಷರ ಜೋಡಿಸಿಕೊಟ್ಟಿತು.

ನಾಗವೇಣಿ ಕಣ್ಣೊರೆಸಿಕೊಂಡು ನಕ್ಕಳು. "ಹೊಸ ಫಾಂಟು ಹಾಕಿದ್ದೇ ಒಳ್ಳೆಯದಾಯಿತು, ಕನ್ನಡ ಎಷ್ಟು ಚೆನ್ನಾಗಿ ಕಾಣುತ್ತಿದೆ!"

ಹೊಸದು ಬೀಗಿತು. ಹಳೆಯದು "ಇಬ್ಬರೂ ಕ್ಷೇಮ" ಎಂದು ತನ್ನಷ್ಟಕ್ಕೆ ಇನ್ನೊಮ್ಮೆ ಓದಿಕೊಂಡು, ಮತ್ತೆ ಮೂಲೆಗೆ ಸರಿಯಿತು.