ಮಧ್ಯಾಹ್ನವೂ ಆರದ ಹನಿ

ಭೂಮಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಿಡಗಳಿಗೆ ಮಾತು ಬರುತ್ತಿತ್ತು, ಮಂಜಿಗೂ ಬರುತ್ತಿತ್ತು. ಆಗ ದ್ಯಾವಮ್ಮ ಎಂಬ ಅಜ್ಜಿಯಿದ್ದಳು. ಗಿಡ ಬೆಳೆಸುವುದರಲ್ಲಿ ಅವಳದು ಎತ್ತಿದ ಕೈ. ಅವಳು ಕಲ್ಲಿನ ಮೇಲೆ ಬೀಜ ಎಸೆದರೂ ಮೊಳೆಯುತ್ತದೆ ಎಂದು ಜನ ಹೇಳುತ್ತಿದ್ದರು. ಅಜ್ಜಿಯೂ ಅದನ್ನು ನಂಬಿದ್ದಳು.

ಬೆಟ್ಟದ ನೆತ್ತಿಯ ಜೌಗುನೆಲ ಮಾತ್ರ ಬೋಳಾಗಿತ್ತು. ಒಂದು ದಿನ ಮಂಜು ಮೂರು ಪುಟ್ಟ ಸಸಿಗಳನ್ನು ತಂದು ಅವಳ ಕೈಗಿಟ್ಟಿತು. ಎಲೆಯ ತುಂಬ ನವಿರು ಕೂದಲು.

"ಲೋಕದಲ್ಲಿ ಈ ಜಾತಿಯವು ಇರೋದೇ ಮೂರು, ದ್ಯಾವಮ್ಮ. ಆ ಜೌಗಿನಲ್ಲಿ ಬೆಳೆಸ್ತೀಯಾ?"

"ಅದೇನು ಮಹಾ! ನನಗೆ ಬಿಡು," ಎಂದಳು ಅಜ್ಜಿ.

ಮೊದಲನೆಯದಕ್ಕೆ ಒಂದು ಬುಟ್ಟಿ ಸಗಣಿಗೊಬ್ಬರ ಹಾಕಿದಳು. ಸತ್ತಿತು. ಸಾಲಲಿಲ್ಲವೇನೋ ಎಂದು ಎರಡನೆಯದಕ್ಕೆ ಎರಡು ಬುಟ್ಟಿ ಹಾಕಿದಳು. ಅದು ಇನ್ನೂ ಬೇಗ ಸತ್ತಿತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಆಗಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅಜ್ಜಿ ಕೇಳುತ್ತಿರಲಿಲ್ಲ ಬಿಡಿ.

ಮೂರು ಬುಟ್ಟಿ ಹೊತ್ತು ಬಂದಾಗ ಮೂರನೆಯ ಸಸಿ ಚೀರಿತು. "ಬೇಡ ಅಜ್ಜೀ! ನನ್ನ ಬೇರಿಗೆ ಮಳೆನೀರು ಬಿಟ್ಟು ಬೇರೇನೂ ಒಗ್ಗಲ್ಲ."

"ಮತ್ತೆ ಹೊಟ್ಟೆಗೇನು ತಿಂತೀಯೇ?"

"ಹಾರೋ ನುಸಿ ತಿಂತೀನಿ. ಆದ್ರೆ ಹಿಡಿಯೋಕೆ ನಂಗೆ ಕೈಯೇ ಇಲ್ವಲ್ಲ."

ಅದರ ಎಲೆ ಆಗಲೇ ಹಳದಿಯಾಗಿತ್ತು. ಅಜ್ಜಿ ಬುಟ್ಟಿಗಳನ್ನು ಕೆಳಗಿಟ್ಟಳು. ಇದೂ ಹೋದರೆ ಲೋಕದಲ್ಲಿ ಇನ್ನೊಂದಿಲ್ಲ. ಎರಡನ್ನು ಕೊಂದವಳು ನಾನೇ ಎಂದು ಅವಳಿಗೆ ಅಳು ಬಂತು.

ಅಳುತ್ತಲೇ ಬುತ್ತಿಗೆಂದು ತಂದಿದ್ದ ಹಲಸಿನ ಹೋಳು ಬಿಡಿಸತೊಡಗಿದಳು. ಆ ಸಂಕಟದಲ್ಲಿ ಕೈಗೆ ಎಣ್ಣೆ ಸವರಿಕೊಳ್ಳುವುದನ್ನೇ ಮರೆತಳು! ಹತ್ತೂ ಬೆರಳಿಗೆ ಅಂಟು ಮೆತ್ತಿತು. ಒಂದು ನುಸಿ ಹಾರಿಬಂದು ಹೆಬ್ಬೆರಳಿನ ಮೇಲೆ ಕೂತಿತು. ಕೊಡವಿದಳು, ಹೋಗಲಿಲ್ಲ. ಊದಿದಳು, ಹೋಗಲಿಲ್ಲ.

ಅಜ್ಜಿ ಅಳು ನಿಲ್ಲಿಸಿ ನಕ್ಕಳು. ಎಲೆಯ ಒಂದೊಂದು ಕೂದಲ ತುದಿಗೂ ಒಂದೊಂದು ತೊಟ್ಟು ಅಂಟು ಇಟ್ಟಳು. "ತಗೋ ಮಗಳೇ, ಇವೇ ನಿನ್ನ ಕೈ."

"ಅದು ಆರದ ಹಾಗೆ ನಾನು ನೋಡ್ಕೋತೀನಿ," ಎಂದಿತು ಮಂಜು.

ಇಬ್ಬನಿಯೆಂದು ನಂಬಿ ಒಂದು ನುಸಿ ಬಂದು ಕೂತಿತು. ಎಲೆ ಮೆಲ್ಲಗೆ ಮಡಚಿಕೊಂಡಿತು. ವಾರದೊಳಗೆ ಸಸಿ ಕೆಂಪಗೆ ತುಂಬಿಕೊಂಡಿತು, ಹೂಬಿಟ್ಟಿತು, ಜೌಗಿನ ತುಂಬ ಬೀಜ ಚೆಲ್ಲಿತು. ಅಜ್ಜಿ ಮೂರೂ ಬುಟ್ಟಿ ಗೊಬ್ಬರವನ್ನು ಹೊತ್ತು ಕೆಳಗಿಳಿದಳು.

ಅದಕ್ಕೇ ಮಗು, ಇವತ್ತಿಗೂ ಬೆಟ್ಟದ ಮೇಲಿನ ಜೌಗಿನಲ್ಲಿ, ಸುಡುವ ಮಧ್ಯಾಹ್ನದಲ್ಲೂ ಆ ಪುಟ್ಟ ಕೆಂಪು ಎಲೆಗಳ ಮೇಲೆ ಹನಿ ಆರುವುದಿಲ್ಲ. ಮುಟ್ಟಿ ನೋಡು, ದ್ಯಾವಮ್ಮನ ಹಲಸಿನ ಅಂಟು ನಿನ್ನ ಬೆರಳಿಗೂ ಹತ್ತುತ್ತದೆ.