ಹಗೇವಿಗೆ ಬಿದ್ದ ಉಪದೇಶಿಯನ್ನು ದೇವರು ಕಾಯ್ದ ಕಥೆ

ದೀಪ ಹಚ್ಚಿದ್ದಾಯಿತು, ಮೊದಲ ರೊಟ್ಟಿ ತೆಗೆದಿಟ್ಟದ್ದಾಯಿತು. ಇನ್ನು ಗದ್ದಲ ಬಿಟ್ಟು ಕೇಳಿರಿ.

ಕರಿನೆಲದ ಊರೊಂದರಲ್ಲಿ ಕ್ರಿಸ್ತಭಕ್ತನಾದ ಸಮಾಧಾನಪ್ಪನೆಂಬ ರೈತನೂ ಅವನ ಹೆಂಡತಿ ರೂತವ್ವನೂ ಇದ್ದರು. ಅವರ ಮನೆಯಲ್ಲಿ ಅತ್ತೆಯ ಕಾಲದಿಂದ ಒಂದು ನೇಮವಿತ್ತು. ಉಪವಾಸಕಾಲದ ಶುಕ್ರವಾರ ಸಂಜೆ ದೀಪ ಹಚ್ಚಿ, ದೇವರ ವಾಕ್ಯ ಹೊತ್ತು ಬರುವವನಿಗೆ ಮೊದಲ ರೊಟ್ಟಿ ತೆಗೆದಿಟ್ಟು, ದೇವರು ತನ್ನ ಸೇವಕರನ್ನು ಕಾಯ್ದ ಬಗೆಯನ್ನು ಹೇಳಿ, ಆಮೇಲೆ ತಾವು ಉಣ್ಣಬೇಕು.

ಅತ್ತೆ ತೀರಿಕೊಂಡ ಮೇಲೆ ರೂತವ್ವನಿಗೆ ಈ ನೇಮ ಸಾಕುಸಾಕಾಯಿತು. ಉಪದೇಶಿ ಜ್ಞಾನಮಿತ್ರಯ್ಯ ಊರೂರು ಸುತ್ತಿ ಸರಿಯಾಗಿ ಒಲೆ ಹೊತ್ತಿಸುವ ಹೊತ್ತಿಗೇ ಬರುವನು, ಕಾಲಿಗೆ ನೀರು ಕೇಳುವನು, ಉಂಡ ಮೇಲೆ ಒಂದು ಚರಣವನ್ನೂ ಬಿಡದೆ ಕೀರ್ತನೆ ಹಾಡುವನು, ಮುಗಿಯಿತೆಂದು ಆಕೆ ಎದ್ದರೆ ಪ್ರಾರ್ಥನೆ ಶುರುಮಾಡುವನು. ಗಂಡನೋ ಕಣ್ಣು ಮುಚ್ಚಿ ತೂಕಡಿಸುವನು. ಪಾತ್ರೆ ತಿಕ್ಕುವವಳು ಇವಳೊಬ್ಬಳೇ.

ಒಂದು ಶುಕ್ರವಾರ ಗಂಡ ಇನ್ನೂ ಹೊಲದಿಂದ ಬಂದಿರಲಿಲ್ಲ. ರೂತವ್ವ ದೀಪ ಹಚ್ಚಲಿಲ್ಲ, ರೊಟ್ಟಿ ತೆಗೆದಿಡಲಿಲ್ಲ. ಉಪದೇಶಿ ಬಂದಾಗ ಬಾಗಿಲಿಗೆ ಅಡ್ಡ ನಿಂತು, "ಅಯ್ಯನವರ, ಬರಗಾಲದಾಗ ಪ್ರವಾದಿ ಎಲೀಯಗ ಕಾಗಿ ರೊಟ್ಟಿ ತಂದು ಕೊಟ್ವು ಅಂತ ನೀವ ಹೇಳ್ತೀರಿ. ನಮ್ಮೂರಾಗ ಕಾಗಿಗೇನು ಬರ ಬಂದೈತೇನ್ರಿ?" ಎಂದಳು.

"ಕಾಗಿಗೆ ಬರ ಇಲ್ಲವ್ವಾ ತಂಗಿ, ಆದ್ರ ಅವಕ್ಕ ರೊಟ್ಟಿ ಬಡಿಯಾಕ ಬರೂದಿಲ್ಲ" ಎಂದು ನಕ್ಕು ಆತನು ತಿರುಗಿದನು.

ಕತ್ತಲು ಕವಿಯುತ್ತಿತ್ತು. ನೆಲದೊಳಗೆ ಜೋಳ ತುಂಬಿಡುವ ಹಗೇವು ಅಂಗಳದಲ್ಲಿ ಬರಿದಾಗಿ ಬಾಯಿ ತೆರೆದಿತ್ತು. ಮುಚ್ಚುವ ಕೆಲಸವನ್ನು ರೂತವ್ವ ಇಂದು ನಾಳೆ ಎಂದು ತಳ್ಳಿದ್ದಳು. ಉಪದೇಶಿ ಅದರೊಳಗೆ ಬಿದ್ದನು. ಮುಚ್ಚಿದ ಹಗೇವಿನ ಕೆಟ್ಟಗಾಳಿ ಇಳಿದವರನ್ನು ಉಳಿಸದು. ಇದು ತೆರೆದೇ ಇದ್ದುದರಿಂದ ಒಳಗೆ ಗಾಳಿಯಾಡಿತ್ತು; ದೇವರು ಈಕೆಯ ಮೈಗಳ್ಳತನವನ್ನೇ ತನ್ನ ಸೇವಕನಿಗೆ ಉಸಿರಾಗಿ ಮಾಡಿದನು.

ಸದ್ದು ಕೇಳಿ ಓಡಿ ಬಂದ ರೂತವ್ವ ಬಗ್ಗಿ ನೋಡಿದರೆ ಒಳಗೆ ಬರೀ ಕತ್ತಲು. ದೇವರ ಮನುಷ್ಯನನ್ನು ತಾನೇ ಕೊಂದೆನೆಂದು ಎದೆ ಬಡಿದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಕೀರ್ತನೆ ಕೇಳಿಸಿತು. "ಅಲ್ಲೂ ಹಾಡೇ ಏನ್ರಿ! ಮೊದಲ ಒದರಬಾರದೇನು, ಪುಣ್ಯಾತ್ಮಾ!" ಎಂದು ಸಿಡುಕುತ್ತಲೇ ಅತ್ತಳು. ಅಷ್ಟರಲ್ಲಿ ಗಂಡನೂ ಬರಲು, ಇಬ್ಬರೂ ಬಾವಿಯ ಹಗ್ಗ ಇಳಿಬಿಟ್ಟು, ಕಂಕುಳಿಗೆ ಸುತ್ತಿ ಹಿಡಿದುಕೊಳ್ಳಲು ಹೇಳಿ ಎಳೆದರು. ಹಗ್ಗ ಕಂಕುಳನ್ನು ಕೊಯ್ಯಲು ಆತನು ನರಳಿ ಕೈಬಿಟ್ಟು ಮತ್ತೆ ಕೆಳಗೆ ಕುಸಿದನು. ಆಗ ಅತ್ತೆ ಹೇಳುತ್ತಿದ್ದದ್ದು ರೂತವ್ವನಿಗೆ ನೆನಪಾಯಿತು: ಪ್ರವಾದಿ ಯೆರೆಮೀಯನನ್ನು ಕೆಸರುಬಾವಿಯಿಂದ ಎತ್ತುವಾಗ ಅರಮನೆಯ ಸೇವಕನು ಹಳೇ ಬಟ್ಟೆಗಳನ್ನು ಇಳಿಸಿ, ಕಂಕುಳಲ್ಲಿ ಇಟ್ಟುಕೋ ಎಂದಿದ್ದನು. ಕೌದಿ ಹೊಲಿಯಲು ಕೂಡಿಸಿಟ್ಟ ಮೆತ್ತನೆಯ ಸೀರೆತುಂಡುಗಳನ್ನೆಲ್ಲ ತಂದು ಇಳಿಸಿದಳು. ಉಪದೇಶಿ ಮೇಲೆ ಬಂದನು.

ಗವಿಗೆ ಎಸೆದ ಭಕ್ತನನ್ನು ತಿನ್ನದಂತೆ ಸಿಂಹಗಳ ಬಾಯಿ ಮುಚ್ಚಲು ದೇವರು ದೂತನನ್ನು ಕಳಿಸಿದನು, ಸೆರೆಮನೆಯಲ್ಲಿದ್ದ ಶಿಷ್ಯ ಪೇತ್ರನ ಸಂಕೋಲೆ ಕಳಚಲೂ ದೂತನನ್ನು ಕಳಿಸಿದನು. ಹಗ್ಗ ಹಿಡಿಯಲು ಮಾತ್ರ ಮನುಷ್ಯರನ್ನೇ ಹುಡುಕುತ್ತಾನೆ. ಆತನು ತನ್ನವರನ್ನು ಕಾಯುವುದಂತೂ ತಪ್ಪದು. ಆ ಕೆಲಸದಲ್ಲಿ ನಮಗೂ ಪಾಲು ಬೇಕೋ ಬೇಡವೋ ಎಂಬುದಷ್ಟೇ ನಮಗೆ ಬಿಟ್ಟದ್ದು.

ರೂತವ್ವ ಅಂದೇ ದೀಪ ಹಚ್ಚಿ, ಮತ್ತೆ ಹಿಟ್ಟು ನಾದಿ, ಬಿಸಿ ರೊಟ್ಟಿ ಬಡಿಸಿದಳು. ಆ ವರ್ಷ ಜೋಳ ಹುಲುಸಾಗಿ ಬಂತು, ಮನೆ ತುಂಬಿತು.

ಹೀಗೆ ಇದನ್ನು ಹೇಳಿದವರ ಮನೆಯನ್ನೂ ಕೇಳಿದವರ ಮನೆಯನ್ನೂ, ಗೊಣಗುತ್ತಲೇ ಆದರೂ ನೇಮ ಬಿಡದವರ ಮನೆಯನ್ನೂ ದೇವರು ಹಾಗೆಯೇ ತುಂಬಲಿ. ಆಮೆನ್.