ಹಗ್ಗದ ಗೂಟವಾದ ಫಿರಂಗಿ

ಇಂಗ್ಲಿಷರ ಬಂದರೊಂದರಲ್ಲಿ ಮುದಿ ಫಿರಂಗಿಯೊಂದನ್ನು ಬಾಯಿ ಕೆಳಗಾಗಿ ಮಣ್ಣಲ್ಲಿ ಹೂತು, ಹಡಗಿನ ಹಗ್ಗ ಕಟ್ಟುವ ಗೂಟ ಮಾಡಿಕೊಂಡಿದ್ದರು. ಒಮ್ಮೆ ಅದಕ್ಕೆ ಡಿಸ್ಟ್ರಾಯರ್ ಎಂಬ ಜಾತಿಯ ಹೊಸ ಯುದ್ಧದ ಹಡಗೊಂದನ್ನು ಕಟ್ಟಿದರು.

ಹಡಗಿನ ತೋಪು, "ಅಜ್ಜಾ, ಶತ್ರುವಿನ ಗುಂಡಿಗಿಂತ ನನ್ನ ಗುಂಡು ದಪ್ಪ," ಎಂದಿತು.

"ಸಂತೋಷ. ಕತ್ತು ಎಷ್ಟು ಮೇಲೆತ್ತಬಲ್ಲೆ?" ಎಂದು ಫಿರಂಗಿ ಕೇಳಿತು.

"ನೆಟ್ಟಗೆ ಮೇಲಕ್ಕಲ್ಲ, ಅರ್ಧಕ್ಕೆ. ಶತ್ರು ನೀರಿನ ಮೇಲೆ ತಾನೇ ಬರುವುದು? ದೊಡ್ಡವರು ಯೋಚಿಸಿಯೇ ಮಾಡಿದ್ದಾರೆ."

"ಮೇಲೆ ಏನೋ ಗುಂಯ್‌ಗುಡುತ್ತಿದೆಯಪ್ಪಾ. ಹೂತುಹೋದ ನನಗೇ ಕೇಳಿಸುತ್ತದೆ."

"ಹೂತುಹೋದವರ ಮಾತು ಕಟ್ಟಿಕೊಂಡು ಯಾರು ಯುದ್ಧ ಮಾಡುತ್ತಾರೆ?" ಎಂದು ತೋಪು ನಕ್ಕಿತು.

ಹಡಗು ಕಡಲಿಗಿಳಿಯಿತು. ಶತ್ರುವಿನ ವಿಮಾನಗಳು ನೇರ ನೆತ್ತಿಯ ಮೇಲೆ ಬಂದವು. ತೋಪಿನ ಕತ್ತು ಅರ್ಧಕ್ಕೇ ನಿಂತಿತು. ಹಡಗು ನಾವಿಕರ ಸಮೇತ ಮುಳುಗಿತು.

ಕೆಲವು ತಿಂಗಳ ಮೇಲೆ ಅದೇ ಗೂಟಕ್ಕೆ ಇನ್ನೊಂದು ಹಡಗನ್ನು ಕಟ್ಟಿದರು. ಅದರ ತೋಪು ಹೇಳಿತು: "ಅಜ್ಜಾ, ಆ ಸಾವುಗಳಿಂದ ನಮ್ಮವರು ಪಾಠ ಕಲಿತಿದ್ದಾರೆ. ನನ್ನ ಗುಂಡು ಇನ್ನೂ ದಪ್ಪ."

"ಕತ್ತು?"

"ಕತ್ತು ಮೊದಲಿನಷ್ಟೇ."

ತನ್ನ ಬಾಯಿಗೆ ಮಣ್ಣು ತುಂಬಿದವರ ಮೇಲೆ ಫಿರಂಗಿಗೆ ಇಷ್ಟು ವರ್ಷ ಸಿಟ್ಟಿತ್ತು; ಕೇಳುವವರೇ ಇಲ್ಲದ ಮೇಲೆ ಬಾಯಿ ಇದ್ದೇನು ಎಂದುಕೊಂಡಾಗ ಅಂದು ಮೊದಲ ಸಲ ಆ ಸಿಟ್ಟು ಇಳಿಯಿತು.